ಐಗುಲಳ ಡಿಸೆಂಬರ್ ಹದಿನಾರು

"ಏ ಹಡಬಿಟ್ಟಿ, ಸರಿ ಆಚಿಗೆ! ನಿನ್ನ ನೆರಳ ದೇವರ ಮ್ಯಾಲ ಬೀಳ್ತದ!"

ಸಂಡಾಸು ತಿಕ್ಕಿ ಬಕೀಟು ಹಿಡಿದು ಇಳಿದಿದ್ದ ನಾಗವ್ವ ಗೋಡೆಗೆ ಅಂಟಿ ನಿಂತಳು. ಬೈದ ಮನೆಯೊಡತಿ ಕಲ್ಯಾಣಿಬಾಯಿ ಸ್ನಾನಕ್ಕೆ ಮೇಲೆ ಹೋದಳು.

ವಿಲಾಯತಿಯ ಪಿನ್ನರ್ ಎಂಬ ಊರಿನ ಆ ಮನೆಯಲ್ಲಿ ಮೆಟ್ಟಿಲ ಕೆಳಗಿನ ಕಪಾಟೇ ದೇವರಮನೆ. ಮಂದಾಸನದ ಕೆಳಗೆ ನಾಗವ್ವನ ಪಾಸ್‌ಪೋರ್ಟು. ಧಾರವಾಡದಿಂದ ಕರೆತಂದ ದಿನವೇ ಕಲ್ಯಾಣಿಬಾಯಿ ಅದನ್ನು ಕಸಿದು ಅಲ್ಲಿ ಇಟ್ಟಿದ್ದಳು. ಕಪಾಟಿಗೆ ಬೀಗವಿಲ್ಲ. ಹೊಲೆಯರಾಕಿ ದೇವರಿಗೆ ಕೈ ಹಾಕಾಳೇ? ಎರಡು ವರ್ಷ ಹಾಕಿರಲೂ ಇಲ್ಲ.

ಕಸದ ಚೀಲ ಇಡಲು ಹೊರಬಂದರೆ ಬೇಲಿಯಾಚೆ ಐಗುಲ್. ಕಝಕಸ್ತಾನದವಳು, ಪಕ್ಕದ ಮನೆಯಲ್ಲಿ ನೆಲ ತಿಕ್ಕುವವಳು. ಇವತ್ತು ಕೆಂಪು ಕೋಟು ತೊಟ್ಟು ಹೊರಟಿದ್ದಳು.

"ನಾಗಾ, ಟುಡೇ ಹಾಲಿಡೇ! ಮೈ ಕಂಟ್ರಿ ಇಂಡಿಪೆಂಡೆನ್ಸ್ ಡೇ!"

ಹರಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದಳು. ತಮ್ಮನ್ನು ಆಳುತ್ತಿದ್ದ ಮಾಸ್ಕೋದವರು ಹೊರಗಿನವನೊಬ್ಬನನ್ನು ತಂದು ತಮ್ಮ ತಲೆಮೇಲೆ ಕೂರಿಸಿದ್ದು ಇದೇ ತಾರೀಖು. ಮರುದಿನ ರಾಜಧಾನಿ ಅಲ್ಮಾಟಿಯ ಚೌಕಕ್ಕೆ ಹುಡುಗ ಹುಡುಗಿಯರು ನುಗ್ಗಿದರು. ಸೈನಿಕರು ಸಲಿಕೆಯಿಂದ ಬಡಿದರು. ಐದು ವರ್ಷಕ್ಕೆ, ಮತ್ತೆ ಡಿಸೆಂಬರ್ ಹದಿನಾರಕ್ಕೇ, ಸ್ವಾತಂತ್ರ್ಯ. ತಾನೂ ಅಲ್ಲಿದ್ದೆನೆಂದು ಹುಬ್ಬಿನ ಮೇಲಿನ ಗಾಯದ ಗೆರೆ ಮುಟ್ಟಿ ನಕ್ಕಳು.

ನಾಗವ್ವನಿಗೆ ಹೊಟ್ಟೆಕಿಚ್ಚು ಭಗ್ಗೆಂದಿತು. ಕೋಟಿಗಲ್ಲ, ರಜೆಗೂ ಅಲ್ಲ, ಆ ಗಾಯಕ್ಕೆ. ಕಲ್ಯಾಣಿಬಾಯಿ ಕಾದ ಇಸ್ತ್ರಿ ಒತ್ತಿದ ಕಲೆ ಅವಳ ಮುಂಗೈಯಲ್ಲೂ ಇತ್ತು. ಆಕೆಯ ಏಟಿಗೊಂದು ತಾರೀಖು ಹುಟ್ಟಿತು, ತನ್ನದಕ್ಕೆ ಏನು ಹುಟ್ಟಿತು? ಆಗಸ್ಟ್ ಹದಿನೈದಕ್ಕೆ ಇದೇ ಹಿತ್ತಲಲ್ಲಿ ಧ್ವಜ ಹಾರಿಸಿ ಮಂದಿಯೆಲ್ಲ ಜಿಲೇಬಿ ತಿಂದಿದ್ದರು. ಅವಳು ತಾಟು ತೊಳೆದಿದ್ದಳು.

"ನಿನ್ನ ಸ್ವಾತಂತ್ರ್ಯಕ್ಕಿಷ್ಟು ಬೆಂಕಿ ಹಾಕ!" ಎಂದಳು.

ಐಗುಲ್‌ಗೆ ತಿಳಿಯಲಿಲ್ಲ. "ಪಾಸ್‌ಪೋರ್ಟ್ ಟೇಕ್, ನಾಗಾ. ನ್ಯೂ ಲಾ. ಮೇಡಮ್ ಲೀವ್, ಅದರ್ ಹೌಸ್ ವರ್ಕ್, ಓಕೆ. ಬಸ್‌ಸ್ಟಾಪ್, ಐ ವೇಟ್."

ನಾಗವ್ವ ಒಳಬಂದಳು. ಕೈ ತೊಳೆಯಲಿಲ್ಲ. ಕಪಾಟು ತೆರೆದು ಮಂದಾಸನ ಎತ್ತಿದಾಗ ಬೆಳ್ಳಿಯ ಬಾಲಕೃಷ್ಣ ಉರುಳಿದ.

"ಅಯ್ಯಯ್ಯ, ರಂಡೆ! ಮುಟ್ಟಿಬಿಟ್ಟೆಲ್ಲ!" ಮಡಿಸೀರೆಯಲ್ಲಿ ಇಳಿದ ಕಲ್ಯಾಣಿಬಾಯಿ ಬಾಗಿಲಿಗೆ ಅಡ್ಡ ನಿಂತಳು. "ಇಡ ಅದನ್ನ! ಪೊಲೀಸ್ರಿಗೆ ಫೋನ್ ಹಚ್ತೀನಿ!"

"ಹಚ್ಚರಿ. ದೇವರ ಬುಡಕ ಏನಿಟ್ಟಿದ್ರಿ ಅಂತನೂ ಹೇಳ್ರಿ." ನಾಗವ್ವ ಸಂಡಾಸು ತಿಕ್ಕಿದ ಕೈಯಲ್ಲೇ ಪಾಸ್‌ಪೋರ್ಟು ಮುಂದೆ ಚಾಚಿದಳು. "ಬೇಕೇನ್ರಿ? ಬರ್ರಿ, ಕಸ್ಕೋರಿ."

ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ಸೆರಗು ಬಾಚಿಕೊಂಡು ಹಿಂದೆ ಸರಿದಳು. ಇನ್ನೊಂದು ಹೆಜ್ಜೆಗೆ, ನಾಗವ್ವ ದಿನಾ ನಿಲ್ಲುತ್ತಿದ್ದ ಗೋಡೆಗೇ ಅಂಟಿದಳು. ಬಾಗಿಲು ತೆರವಾಯಿತು.

"ಇವತ್ತಿನ ತಾರೀಖ ನೆನಪಿಟ್ಕೋರಿ, ಬಾಯಾರ. ಇನ್ ಅದು ಐಗುಲ್ ಒಬ್ಬಾಕಿದಲ್ಲ."

ಬಾಗಿಲು ಹಾಕದೆ ಬಸ್‌ಸ್ಟಾಪಿನತ್ತ ನಡೆದಳು.