ಒಂಟಿ ಸುಳಿಯ ಲೆಕ್ಕ

ಅರ್ಧ ತಟ್ಟೆಗಳಿಗೆ ಸಗಣಿ ಬಳಿದು ಬಿಸಿಲಿಗೆ ಒರಗಿಸಿಯಾಗಿತ್ತು. ಉಳಿದವನ್ನು ಮುಂದಿಟ್ಟುಕೊಂಡು ಸಿದ್ದಲಕ್ಷ್ಮಮ್ಮ ಬಿದಿರಿನ ಸಂದಿಸಂದಿಗೂ ಬೆರಳು ತೂರಿಸಿ ಸಾರಿಸುತ್ತಿದ್ದಳು. ನಾಳೆ ಬೆಳಿಗ್ಗೆ ರೇಷ್ಮೆ ಮೊಟ್ಟೆ ಒಡೆಯುತ್ತವೆ. ಅಷ್ಟರಲ್ಲಿ ತಟ್ಟೆ ಒಣಗಿರಬೇಕು. ಜಗುಲಿಯ ಮೇಲೆ ನಾದಿನಿ ಸರಿತಾ ಕಾಲು ಚಾಚಿ ಕೂತು ಪ್ಲಸ್ ಟೂ ಪರೀಕ್ಷೆಗೆ ಶಾಲೆಯ ತಮಿಳಿನಲ್ಲಿ ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಆ ಓದು ಸಿದ್ದಲಕ್ಷ್ಮಮ್ಮನಿಗೆ ಅದಿಯಮಾನ್‌ಕೋಟೆ ರಸ್ತೆಯ ಲಾರಿ ಸದ್ದಿದ್ದ ಹಾಗೆ. ಕಿವಿಗೆ ಬೀಳುತ್ತಿತ್ತು, ಒಳಗಿಳಿಯುತ್ತಿರಲಿಲ್ಲ. ಇವತ್ತು ಮಾತ್ರ ಒಂದು ಮಾತು ಇಳಿಯಿತು.

"ತನಿಚ್ಚುಳಿ" ಎಂದಿದ್ದಳು ಸರಿತಾ.

ಸಿದ್ದಲಕ್ಷ್ಮಮ್ಮನ ಕೈ ನಿಂತಿತು. ತಮಿಳಿನಲ್ಲಿ ತನಿ ಅಂದರೆ ಒಂಟಿ. ಇನ್ನು ಸುಳಿ ಅಂದರೆ ಸುಳಿಯೇ, ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಎಡ ಹಣೆಯ ಮೇಲೆ, ಕೂದಲು ಹುಟ್ಟುವ ಅಂಚಿನಲ್ಲೇ ಒಂದು ಒಂಟಿ ಸುಳಿ ಇತ್ತು. ದನ ಕೊಳ್ಳುವವರು ಮೈಯೆಲ್ಲ ತಡವಿ ಸುಳಿ ನೋಡುತ್ತಾರಲ್ಲ, ಹೆಣ್ಣು ನೋಡಲು ಬಂದವರು ಅಷ್ಟು ನೋಡಿರಲಿಲ್ಲ. ನೋಡಿದ್ದು ಮದುವೆಯಾದ ಮೇಲೆ. ಅವಳು ಬಂದ ಮೊದಲ ಬೆಳೆಗೇ ಹುಳುಗಳಿಗೆ ಸುಣ್ಣಕಟ್ಟು ರೋಗ ತಗುಲಿ, ಸುಣ್ಣದ ಕಡ್ಡಿಗಳಂತೆ ಬೆಳ್ಳಗೆ ಸೆಟೆದು ಬಿದ್ದಿದ್ದವು. ಅತ್ತೆ ಎಲ್ಲಮ್ಮ ತಟ್ಟೆಯಿಂದ ಕಣ್ಣೆತ್ತಿ ಸೊಸೆಯ ಹಣೆ ನೋಡಿದ್ದಳು. ಬೈಯಲಿಲ್ಲ. ಆವತ್ತಿನಿಂದ ಮೊಟ್ಟೆ ಒಡೆಯುವ ಬೆಳಿಗ್ಗೆ ಬಂದರೆ "ಸಿದ್ದಿ, ನೀನು ತ್ವಾಟದಿಂದ ಎಳೆಸೊಪ್ಪು ತಂದ್ಬುಡು" ಅನ್ನುವಳು, ಅಷ್ಟೆ. ಹುಳು ಎರಡನೇ ಜ್ವರ ಕಳೆದು ಪೊರೆ ಬಿಟ್ಟು ದಪ್ಪವಾದ ಮೇಲೆ, ಸೊಪ್ಪು ಹಾಕಲು ಕೈ ಸಾಲದೆ ಬಂದಾಗ, ಸಿದ್ದಲಕ್ಷ್ಮಮ್ಮನಿಗೂ ಹುಳುಮನೆಯ ಬಾಗಿಲು ತೆರೆಯುತ್ತಿತ್ತು. ಹೀಗಾಗಿ ಇಷ್ಟು ಬೆಳೆ ತೆಗೆದ ಮನೆಯಲ್ಲಿದ್ದೂ ಮೊಟ್ಟೆ ಒಡೆಯುವುದನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಕರಿ ದಾರದ ಚೂರುಗಳು ಎದ್ದು ನಡೆದಾಡಿದ ಹಾಗೆ ಇರುತ್ತದೆ ಅಂತ ಗಂಡ ಮುನಿರಾಜ್ ಹೇಳಿದ್ದ. ಅದನ್ನು ಕೇಳಿದ ಮೇಲೆ ನೋಡುವ ಆಸೆ ಇನ್ನಷ್ಟು ಹೆಚ್ಚಾಗಿತ್ತು.

"ಲೇ ಸರಿತಾ, ಈಗೇನೋ ಅಂದ್ಯಲ್ಲ, ತನಿಚ್ಚುಳಿ ಅಂತ. ಅದ್ನ ಪುಸ್ತಕದಾಗೂ ಬರೆದವ್ರಾ?"

"ಬರೆದವ್ರೆ ಅತ್ಗೆ. ಅದಕ್ಕಿಂತ ಕೆಳಗೆ ಓಗಕ್ಕೆ ಆಗಲ್ವಂತೆ. ಅಲ್ಲಿಗೆ ಎಲ್ಲಾ ಓಡಾಟ ನಿಂತೋಗ್ತೈತಂತೆ."

"ಯಾರ್ದು? ಸುಳಿ ಇರೋರ್ದಾ, ಮನೇಲಿ ಇರೋರ್ದೆಲ್ಲಾನಾ?"

ಸರಿತಾ ಪುಸ್ತಕ ಕೆಳಗಿಳಿಸಿದಳು. ಅತ್ತಿಗೆಯ ಕೈ ತಾನಾಗಿಯೇ ಹಣೆಗೆ ಹೋಗಿ ಅಲ್ಲಿ ಸಗಣಿಯ ಬೊಟ್ಟಿಟ್ಟಿತ್ತು. ಅರ್ಥವಾದದ್ದೇ ತಡ, ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮುಖ ಒರೆಸ್ಕೋ ಅತ್ಗೆ. ನಮ್ಮ ಶಿವರಾಮನ್ ಸಾರ್ ತಮಿಳ್ನಾಗೆ ಸುಳಿ ಅಂದ್ರೆ ಸೊನ್ನೆ. ಬಿಸಿ ಅಳೆಯೋ ಸೊನ್ನೆ. ನಿನ್ನ ಹಣೆ ವಿಚಾರ ಅವ್ರಿಗೇನು ಗೊತ್ತು?"

ಸಿದ್ದಲಕ್ಷ್ಮಮ್ಮನೂ ನಕ್ಕಳು, ಆದರೆ ಕುತೂಹಲ ಅಲ್ಲಿಗೆ ಬಿಡಲಿಲ್ಲ. ಸುಳಿ ಸೊನ್ನೆಯಾಗುವುದು ಹೇಗೆ ಅಂತ ಕೇಳಬೇಕೆಂದಿರುವಾಗ ಹುಳುಮನೆಯಿಂದ ಎಲ್ಲಮ್ಮನ ಕೂಗು ಬಂತು.

"ಲೇ ಸರಿತಾ, ಬಂದು ಡಿಗ್ರಿ ನೋಡ್ಲೇ."

ಸರಿತಾ ಬಾಗಿಲಲ್ಲೇ ನಿಂತು, ರೇಷ್ಮೆ ಆಫೀಸಿನವರು ಕೊಟ್ಟಿದ್ದ ಗಾಜಿನ ಕಡ್ಡಿಯನ್ನು ಓದಿದಳು. "ಇಪ್ಪತ್ತೇಳು ಐತವ್ವಾ."

"ಇಪ್ಪತ್ತೇಳಾ? ನಿಮ್ಮಪ್ಪ ಎಂಬತ್ತಿರ್ಬೇಕು ಅಂತಿದ್ರು. ಇಪ್ಪತ್ತೇಳಾದ್ರೆ ಮೊಟ್ಟೆ ಚಳಿಗೇ ಸತ್ತೋಗ್ತವೆ."

"ಅದು ಆ ಕಡೆ ಗೆರೆ, ಇದು ಈ ಕಡೆ ಗೆರೆ. ಬಿಸಿ ಒಂದೇ ಕಣವ್ವಾ."

"ಒಂದೇ ಆದ್ರೆ ಎಂಬತ್ತು ಅಂತ್ಲೇ ಏಳು. ಎಂಬತ್ತು ಕೇಳಿದ್ರೇನೆ ನನ್ಗೆ ಸಮಾಧಾನ."

"ಸರಿ, ಎಂಬತ್ತು."

"ಆಂ, ಈಗ ಸರಿ ಓಯ್ತು" ಎಂದು ಎಲ್ಲಮ್ಮ ಒಳಗೆ ಹೋದಳು.

ಸರಿತಾ ಬಂದು ಕೂತ ಕೂಡಲೇ ಸಿದ್ದಲಕ್ಷ್ಮಮ್ಮ ಕೇಳಿದಳು. "ಇಪ್ಪತ್ತೇಳು ಎಂಬತ್ತು ಎಂಗಾಯ್ತೆ?"

"ಐದು ಪಾಲು ಮಾಡಿ, ಅಂಥವು ಒಂಬತ್ತು ತಗೊಂಡು, ಆಮೇಲೆ ಮೂವತ್ತೆರಡು ಕೂಡ್ಬೇಕು."

"ಮೂವತ್ತೆರಡು ಎಲ್ಲಿಂದ ಬಂತು?"

"ಒಬ್ಬ ಐಸ್ ಆಗೋ ಕಡೆ ಸೊನ್ನೆ ಇಟ್ಟ. ಇನ್ನೊಬ್ಬ ಅದಕ್ಕಿಂತ ಕೆಳಗೆ ಇಟ್ಟ. ಅವ್ನ ಸೊನ್ನೆಯಿಂದ ಎಣಿಸಿದ್ರೆ ಐಸ್ ಮೂವತ್ತೆರಡಕ್ಕೆ ಬತ್ತೈತೆ."

"ಇಟ್ಟ ಅಂದ್ರೆ? ಸೊನ್ನೆ ಅಲ್ಲಿ ಇರ್ಲಿಲ್ವಾ?"

"ಇಲ್ಲ ಅತ್ಗೆ. ಅವ್ರವ್ರಿಗೆ ಬೇಕಾದ ಕಡೆ ಇಟ್ರು. ಐಸಲ್ಲೂ ಬಿಸಿ ಇರ್ತೈತೆ."

ಸಿದ್ದಲಕ್ಷ್ಮಮ್ಮ ಸಗಣಿಯ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿದಳು. ಮದುವೆಯ ಊಟದಲ್ಲಿ ಕಲರ್ ಬಾಟಲಿಗಳನ್ನು ಮುಳುಗಿಸುವ ಐಸ್ ಗಡ್ಡೆ ನೆನಪಾಯಿತು. ಅದರಲ್ಲಿ ಬಿಸಿಯಂತೆ. "ಎಷ್ಟು ಬಿಸಿ?"

"ತನಿಚ್ಚುಳಿಯಿಂದ ಎಣಿಸಿದ್ರೆ ಇನ್ನೂರ ಎಪ್ಪತ್ತಮೂರು. ಅದು ಕೆಲ್ವಿನ್ ಅನ್ನೋರ ಲೆಕ್ಕ. ನಮ್ಮ ಹುಳುಮನೆ ಮುನ್ನೂರು. ಇನ್ನೊಬ್ರು ರಾಂಕಿನ್ ಅಂತ, ಅವ್ರ ಲೆಕ್ಕ ನಮ್ಮ ಪುಸ್ತಕದಾಗಿಲ್ಲ. ಮುಂದೆ ಇಂಜಿನಿಯರಿಂಗ್‌ಗೆ ಬೇಕಾಗ್ತೈತೆ ಅಂತ ಸಾರ್ ಏಳ್ಕೊಟ್ರು. ಮುನ್ನೂರು ಅಲ್ಲಿ ಎಷ್ಟಾಗ್ತೈತೆ ಏಳು ನೋಡಾನ."

ಸಿದ್ದಲಕ್ಷ್ಮಮ್ಮ ಒಣಗದ ತಟ್ಟೆಯ ಮೇಲೆ ಬೆರಳಿಂದ ಗೆರೆ ಎಳೆದಳು. ಮುನ್ನೂರನ್ನು ಐದು ಪಾಲು ಮಾಡಿದರೆ ಅರವತ್ತು. ಅರವತ್ತು ಒಂಬತ್ತಲ ಐನೂರ ನಲವತ್ತು. ಮೂವತ್ತೆರಡು ಕೂಡಿದರೆ... "ಐನೂರ ಎಪ್ಪತ್ತೆರಡು."

"ಕೂಡ್ಬೇಡ ಅತ್ಗೆ. ಇಲ್ಲಿ ಕೂಡೋದು, ಕಳೆಯೋದು ಏನೂ ಇಲ್ಲ. ಬರೇ ಪೆರುಕ್ಕಿದ್ರೆ, ಅಂದ್ರೆ ಗುಣಿಸಿದ್ರೆ ಸಾಕು, ಐನೂರ ನಲವತ್ತು."

"ಯಾಕೆ?"

ಸರಿತಾ ಸ್ವಲ್ಪ ಯೋಚಿಸಿದಳು. ಸಾರ್ ಹೇಳಿದ್ದು ಅವಳಿಗೆ ತಮಿಳಿನಲ್ಲಿ ಬರುತ್ತಿತ್ತು, ಮನೆಮಾತಿಗೆ ತರಲು ತಡಕಾಡಿದಳು. "ಇವ್ರಿಬ್ರೂ ಸೊನ್ನೆ ತಮಗೆ ಬೇಕಾದ ಕಡೆ ಇಡ್ಲಿಲ್ಲ. ನಿಜವಾಗ್ಲೂ ಏನೂ ಇಲ್ದಿರೋ ಕಡೆನೇ ಇಟ್ರು. ಇಬ್ರದೂ ಒಂದೇ ಸೊನ್ನೆ. ಮೆಟ್ಲು ಮಾತ್ರ ಒಬ್ಬಂದು ದೊಡ್ಡದು, ಒಬ್ಬಂದು ಚಿಕ್ಕದು."

ಇಷ್ಟು ಹೇಳಿ ಹುಡುಗಿ ಮತ್ತೆ ಓದಿಗೆ ಬಿದ್ದಳು. ಸಿದ್ದಲಕ್ಷ್ಮಮ್ಮ ತಟ್ಟೆಯ ಮೇಲಿನ ಗೆರೆಗಳನ್ನು ಅಳಿಸಿ ಸಾರಿಸತೊಡಗಿದಳು. ಕೈ ಓಡುತ್ತಿದ್ದರೂ ಮನಸ್ಸು ಮಾತ್ರ ಆ ಮೂವತ್ತೆರಡರ ಹತ್ತಿರವೇ ಉಳಿದುಬಿಟ್ಟಿತ್ತು. ಎಲ್ಲೋ ಯಾರೋ ತಮಗೆ ಅನುಕೂಲವಾದ ಕಡೆ ಒಂದು ಸೊನ್ನೆ ಇಟ್ಟು ಹೋದರು. ಆಮೇಲೆ ಬಂದವರೆಲ್ಲ ಪ್ರತಿ ಲೆಕ್ಕಕ್ಕೂ ಅದನ್ನು ಕೂಡುತ್ತ, ಕಳೆಯುತ್ತ ಕೂತರು. ತನ್ನ ಲೆಕ್ಕಕ್ಕೂ ಈ ಮನೆಯಲ್ಲಿ ಹಾಗೊಂದು ಕಳೆಯುವುದಿತ್ತು. ಎಷ್ಟು ಸೊಪ್ಪು ಕೊಯ್ದರೂ, ಎಷ್ಟು ತಟ್ಟೆ ಸಾರಿಸಿದರೂ ಮೊದಲು ಹಣೆಯ ಸುಳಿಯನ್ನು ಕಳೆದು, ಉಳಿದದ್ದನ್ನು ಅವಳ ಹೆಸರಿಗೆ ಬರೆಯುತ್ತಿದ್ದರು.

ಆಮೇಲೆ ಇನ್ನೊಂದು ನೆನಪಾಯಿತು. ಸುಣ್ಣಕಟ್ಟು ಆ ಮೊದಲ ಬೆಳೆಗೆ ಮಾತ್ರ ಬಂದದ್ದಲ್ಲ. ನಂತರವೂ ಥಂಡಿಗಾಲದಲ್ಲಿ ಬಂದಿತ್ತು, ಒಂದು ಸಲವಲ್ಲ. ಆಗೆಲ್ಲ ಮೊಟ್ಟೆ ಒಡೆದ ಬೆಳಿಗ್ಗೆ ಅವಳು ತೋಟದಲ್ಲಿದ್ದಳು. ಥಂಡಿ ಜಾಸ್ತಿ ಅಂದರು, ಮೊಟ್ಟೆ ಸರಿಯಿಲ್ಲ ಅಂದರು. ಯಾರ ಹಣೆಯನ್ನೂ ಯಾರೂ ನೋಡಲಿಲ್ಲ. ಇಷ್ಟು ದಿನ ಇದು ತನಗೇ ಹೊಳೆದಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಆದರೂ ಭಯವಿತ್ತು. ನಾಳೆ ಒಳಗೆ ಹೋಗಿ, ಆಮೇಲೆ ಬೆಳೆ ಕೆಟ್ಟರೆ ಈ ಸಲ ಬರಿ ನೋಟಕ್ಕೆ ಮುಗಿಯುವುದಿಲ್ಲ. ಥಂಡಿಯನ್ನು ಬಿಟ್ಟು ಎಲ್ಲರೂ ಅವಳನ್ನೇ ಹಿಡಿಯುತ್ತಾರೆ. ಆ ಮಾತುಗಳು ಯಾವುವು, ಯಾರ ಬಾಯಿಂದ ಬರುತ್ತವೆ ಅನ್ನುವುದೂ ಅವಳಿಗೆ ಗೊತ್ತಿತ್ತು. ಅದೆಲ್ಲವನ್ನೂ ಒಂದು ಕಡೆ ಇಟ್ಟಳು. ಇನ್ನೊಂದು ಕಡೆ, ಎದ್ದು ನಡೆದಾಡುವ ಕರಿ ದಾರದ ಚೂರುಗಳನ್ನಿಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲಮ್ಮ ಸೆರಗಲ್ಲಿ ಬೆವರೊರೆಸಿಕೊಂಡು ಹೊರಗೆ ಬಂದಳು. ತಟ್ಟೆಗಳನ್ನು ಮುಟ್ಟಿ ನೋಡಿ, "ಚೆನ್ನಾಗಿ ಒಣಗವೆ" ಅಂದಳು. ಆಮೇಲೆ ಸೊಸೆಯ ಕಡೆ ತಿರುಗಿ, ಪ್ರತಿ ಸಲ ಹೇಳುವ ದನಿಯಲ್ಲೇ ಹೇಳಿದಳು. "ಸಿದ್ದಿ, ಬೆಳಿಗ್ಗೆ ಎದ್ದೋಳೆ ತ್ವಾಟಕ್ಕೋಗಿ ಎಳೆಸೊಪ್ಪು ತಂದ್ಬುಡಮ್ಮ."

"ಸೊಪ್ಪಿನ ಚಿಂತೆ ಬ್ಯಾಡಿ ಅತ್ತೆ" ಅಂದಳು ಸಿದ್ದಲಕ್ಷ್ಮಮ್ಮ.

ಎಲ್ಲಮ್ಮ ಕಾಫಿಗೆ ಒಳಗೆ ಹೋದಳು. ಸರಿತಾ ಪುಸ್ತಕ ಮುಖದ ಮೇಲೆ ಹಾಕಿಕೊಂಡು ನಿದ್ದೆಗೆ ಜಾರಿದ್ದಳು. ಸಿದ್ದಲಕ್ಷ್ಮಮ್ಮ ಕೈ ತೊಳೆದು, ಗೋಣಿತಟ್ಟನ್ನು ನೀರಲ್ಲಿ ಅದ್ದಿ ಹಿಂಡಿ ಬುಟ್ಟಿಗೆ ಹಾಸಿಕೊಂಡಳು. ಎಳೆಸೊಪ್ಪನ್ನು ಈಗಲೇ ಕೊಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆಯವರೆಗೂ ಬಾಡುವುದಿಲ್ಲ. ಆಗ ಅವಳನ್ನು ಕಳಿಸಲು ತೋಟದಲ್ಲಿ ಯಾವ ಕೆಲಸವೂ ಉಳಿದಿರುವುದಿಲ್ಲ. ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅವಳು ಹಿಪ್ಪುನೇರಳೆ ಸಾಲಿನ ಕಡೆ ನಡೆದಳು.