ಮೂರು ಸಾವಿರ ಪಾದಗಳ ಷರಾ

ಬೋರ್ಡಿನಲ್ಲಿ ಕಾರ್ಖಾನೆ ಎಂದು ಬರೆದಿದ್ದರೂ ಅದು ಮೂರು ಕೋಣೆಯ ಬೂಟಿನಂಗಡಿ. ಮುಂದಿನ ಕೋಣೆಯಲ್ಲಿ ಅಕ್ಕ ಪಾದ ಅಳೆಯುತ್ತಿದ್ದಳು, ನಡುವಿನದರಲ್ಲಿ ತಮ್ಮ ಚರ್ಮ ಕತ್ತರಿಸಿ ಹೊಲಿಯುತ್ತಿದ್ದ, ಹಿಂದಿನದರಲ್ಲಿ ಕಂಪ್ಯೂಟರು ಇತ್ತು. ಅಂದಚೆಂದದ ಬೂಟು ಬೇಕಾದವರು ಅಲ್ಲಿಗೆ ಬರುತ್ತಿರಲಿಲ್ಲ. ಒಂದು ಕಾಲು ಗಿಡ್ಡವಾದವರು, ಪಾದ ತಿರುಚಿಕೊಂಡವರು, ಸಕ್ಕರೆ ಕಾಯಿಲೆಗೆ ಬೆರಳು ಕಳೆದುಕೊಂಡವರು ಬರುತ್ತಿದ್ದರು. ಅವರೆಲ್ಲರ ಬಾಯಲ್ಲಿ ಅಕ್ಕ ಅಳತೆಯಮ್ಮ.

ಇಪ್ಪತ್ತೆಂಟು ವರ್ಷದಿಂದ ಅಳತೆಯಮ್ಮ ಒಂದೇ ಡಾಸ್ ಕಂಪ್ಯೂಟರಿನಲ್ಲಿ ಮೂರು ಸಾವಿರ ಜನರ ಪಾದ ತುಂಬಿಸಿಟ್ಟಿದ್ದಳು. ತಲೆಗೊಂದು ಫೈಲು. ಮೇಲೆ ಅಂಕಿಗಳು, ಕೆಳಗೆ ಷರಾ. ಒಳಗೆ ಕೂರಿಸಿದ್ದ ಒಂದು ಕಾರ್ಡಿನ ದಯೆಯಿಂದ ಷರಾವನ್ನು ನಮ್ಮ ಅಕ್ಷರದಲ್ಲೇ ಬರೆಯಬಹುದಾಗಿತ್ತು. ಈಚೆಗೆ ಯಂತ್ರ ಮೂರು ಸಲ ಒತ್ತಿದರೆ ಒಂದು ಸಲ ಎದ್ದೇಳುತ್ತಿತ್ತು. ತಮ್ಮ ಹೆದರಿ ಹೊಸದನ್ನು ತಂದ. ಹಳೆಯದರಿಂದ ಹೊಸದಕ್ಕೆ ಫೈಲು ದಾಟಿಸುವ ಕೆಲಸವನ್ನು ತನ್ನ ಅಳಿಯನಿಗೆ ಒಪ್ಪಿಸಿದ.

ಈ ಅಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವನು. ಮಾರುವುದೆಲ್ಲ ಬಲ್ಲೆ ಎಂದುಕೊಂಡವನು. ಹಾಗೆ ನೋಡಿದರೆ ಔಷಧಿ ಅಂಗಡಿಯವರೆಲ್ಲ ಡಾಕ್ಟರೇ ಆಗಬೇಕಿತ್ತು ಎಂದು ಅಳತೆಯಮ್ಮ ಅಂದುಕೊಂಡಳು. ಆಡಲಿಲ್ಲ. ಅಳಿಯ ಅಲ್ಲ ಮಗಳ ಗಂಡ ಎಂದು ಗಾದೆಯವರು ಸುಮ್ಮನೆ ಹೇಳಿಲ್ಲ. ಅವನಿಗೆ ಏನಂದರೂ ತಮ್ಮನ ಮಗಳಿಗೆ ಅಂದ ಹಾಗೆ, ಮನೆಯೊಳಗೇ ಹೊಗೆ.

"ಅರ್ಧ ಗಂಟೆ ಕೆಲಸ ದೊಡ್ಡಮ್ಮ," ಎಂದ ಅಳಿಯ, ಹೆಬ್ಬೆರಳುದ್ದದ ಪೆನ್‌ಡ್ರೈವ್ ತೋರಿಸುತ್ತ. "ಇಂಥ ಸಾವಿರ ಡಬ್ಬಿ ಇದರೊಳಗೆ ಹಿಡಿಸುತ್ತೆ."

"ಹಿಡಿಸಿ, ನೋಡೋಣ."

ಅವನು ಅದನ್ನು ಚುಚ್ಚಲು ಹಳೆಯ ಯಂತ್ರದ ಮುಂದೆ ತಡಕಿದ. ಹಿಂದೆ ತಡಕಿದ. ಮಂಡಿಯೂರಿ ಮೇಜಿನಡಿಗೆ ತಲೆ ತೂರಿಸಿದ. ಅದಕ್ಕೆ ಅಂಥ ತೂತೇ ಇಲ್ಲವೆಂದು ಅಳತೆಯಮ್ಮನಿಗೆ ಗೊತ್ತಿತ್ತು. ಬೇಕೆಂದೇ ಮೂರು ಸುತ್ತು ಬರಲು ಬಿಟ್ಟಳು. ಪ್ರದಕ್ಷಿಣೆ ಮುಗಿದ ಮೇಲೆ, "ಅದು ಹುಟ್ಟಿದಾಗ ನಿಮ್ಮ ಕಡ್ಡಿ ಇನ್ನೂ ಹುಟ್ಟಿರಲಿಲ್ಲ ಅಳಿಯಂದಿರೇ," ಎಂದಳು. ಅವನ ಕಿವಿ ಕೆಂಪಾಯಿತು. ಆ ಕೆಂಪು ಅವಳಿಗೆ ಸಂಜೆಯತನಕ ಹಿತವಾಗಿತ್ತು.

ಮರುದಿನ ಅವನು ಸ್ಕ್ರೂಡ್ರೈವರ್ ಹಿಡಿದು ಬಂದು, ಡಬ್ಬಿ ಬಿಚ್ಚಿ, ಡಿಸ್ಕನ್ನೇ ಕಿತ್ತು, ಏನೋ ಒಂದು ಜೋಡಣೆ ಹಾಕಿ ಹೊಸ ಯಂತ್ರಕ್ಕೆ ಸಿಕ್ಕಿಸಿದ. ಹೊಸದು ಪಿಳಿಪಿಳಿ ಎಂದಿತೇ ಹೊರತು ಏನೂ ತೋರಿಸಲಿಲ್ಲ.

"ಡಿಸ್ಕ್ ಸತ್ತಿದೆ ಮಾವ," ಎಂದು ಘೋಷಿಸಿಬಿಟ್ಟ.

ತಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಬೆಳಿಗ್ಗೆ ನಾನೇ ಅದರಲ್ಲಿ ಫೈಲು ತೆಗೆದಿದ್ದೀನಿ," ಎಂದಳು ಅಳತೆಯಮ್ಮ. "ಎಲ್ಲಿಂದ ತೆಗೆದ್ರೋ ಅಲ್ಲೇ ಇಡಿ."

ಇಟ್ಟ. ಯಂತ್ರ ಏಳಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು. ಅವಳು ಬಗ್ಗಿ ನೋಡಿ, "ಆ ಪಟ್ಟಿ ತಂತಿಯ ಕೆಂಪು ಅಂಚು ಮೊದಲು ಆ ಕಡೆ ಇತ್ತು," ಎಂದಳು. ತಿರುಗಿಸಿ ಹಾಕಿದ ಮೇಲೆ ಹಸಿರು ಅಕ್ಷರ ಮೂಡಿದವು.

ಇನ್ನು ಇವನನ್ನು ನಂಬಿದರೆ ಕಷ್ಟವೆಂದು ಅವಳು ಟೆಲಿಫೋನ್ ಮಾಮನಿಗೆ ಹೇಳಿಕಳಿಸಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಆತ ಹನ್ನೊಂದು ವರ್ಷದಿಂದ ಅವಳ ಗಿರಾಕಿ. ಬಲಗಾಲು ಒಂದೂವರೆ ಇಂಚು ಗಿಡ್ಡ. ಬಂದಾಗಲೆಲ್ಲ ಹಿಮ್ಮಡಿ, ಮೊಣಕಾಲು, ಸೊಂಟ, ಕತ್ತು ಎಂದು ನೋವಿನ ಪಟ್ಟಿ ಒಪ್ಪಿಸುತ್ತಿದ್ದ. ಅವಳು ಅಷ್ಟೇ ನಿಷ್ಠೆಯಿಂದ ಬೇರೆ ಕಡೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಆತ ಒಂದು ತಂತಿ, ಒಂದು ಅಗಲವಾದ ಫ್ಲಾಪಿ ತಂದ. ಫ್ಲಾಪಿಯಲ್ಲಿ ಫೈಲು ಕಳಿಸುವ ಪ್ರೋಗ್ರಾಮು ಇತ್ತು. ಹಳೆಯದರ ಬೆನ್ನಿಗೆ ತಂತಿಯ ಒಂದು ತುದಿ ಸಿಕ್ಕಿಸಿ, ಇನ್ನೊಂದನ್ನು ಒಂದು ಜೋಡಣೆಯ ಮೂಲಕ ಹೊಸದಕ್ಕೆ ಕೊಟ್ಟ.

"ತಂತಿ ಒಳಗೆ ಅಡ್ಡ ಹಾಕಿರಬೇಕು," ಎಂದು ಅಳಿಯನಿಗೆ ವಿವರಿಸಿದ. "ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ. ಇಬ್ಬರದೂ ಬಾಯಿಗೆ ಬಾಯಿ ಇಟ್ಟರೆ ಜಗಳ ಆಗುತ್ತೆ, ಮಾತಾಗಲ್ಲ."

"ಆಮೆ ನಡಿಗೆ," ಎಂದು ಅಳಿಯ ಮೂಗು ಮುರಿದ, ಪರದೆಯ ಮೇಲೆ ಒಂದೊಂದೇ ಫೈಲು ಸಾಗುವುದನ್ನು ನೋಡಿ.

"ಮೊಲ ನಿನ್ನೆ ಎಲ್ಲಿ ಮಲಗಿತ್ತು?" ಎಂದಳು ಅಳತೆಯಮ್ಮ. ಅಳಿಯ ಫೋನು ಹಿಡಿದು ಹೊರಗೆ ಹೋದ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮೂರು ಸಾವಿರವೂ ದಾಟಿದ್ದವು. ಒಂದನ್ನು ತೆರೆದರು. ಅಂಕಿಗಳು ಸರಿ ಇದ್ದವು. ಷರಾದ ಜಾಗದಲ್ಲಿ ಮಾತ್ರ ಕೊಕ್ಕೆ, ಚುಕ್ಕೆ, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗಳು.

"ಅಂಕಿ ಬಂತಲ್ಲ ದೊಡ್ಡಮ್ಮ, ಸಾಕು ಬಿಡಿ," ಎಂದ ಒಳಗೆ ಬಂದ ಅಳಿಯ. "ಷರಾ ಯಾರು ಓದ್ತಾರೆ?"

"ಅಂಕಿ ನೋಡಿ ಬೂಟು ಹೊಲಿಯೋದಾದ್ರೆ ಸಂತೆಯಲ್ಲಿ ಗುಡ್ಡೆ ಹಾಕಿರ್ತಾರೆ, ಅಲ್ಲಿಗೇ ಹೋಗಲಿ ಜನ," ಎಂದಳು.

ಟೆಲಿಫೋನ್ ಮಾಮ ಕನ್ನಡಕ ಏರಿಸಿದ. "ಕಷ್ಟ ಇಲ್ಲಮ್ಮ. ಒಂದೊಂದು ಅಕ್ಷರಕ್ಕೂ ಒಂದೊಂದು ಕೊಕ್ಕೆ ಬಂದಿದೆ, ಅಷ್ಟೇ. ಹಳೇ ಪರದೆ ಮೇಲೆ ಒಂದು ಉದ್ದ ಷರಾ ತೆಗೀರಿ. ಪಕ್ಕಪಕ್ಕ ಇಟ್ಟು ಯಾವ ಕೊಕ್ಕೆ ಯಾವ ಅಕ್ಷರ ಅಂತ ಪಟ್ಟಿ ಮಾಡೋಣ. ಪಟ್ಟಿ ಆದ ಮೇಲೆ ಎಲ್ಲಾನೂ ಒಟ್ಟಿಗೆ ಬದಲಾಯಿಸೋ ದಾರಿ ಇದೆ. ನಂದೇ ತೆಗೀರಿ. ನನ್ನ ನೋವು ಬರೆಯೋಕೆ ಪುಟ ಸಾಕಾಗಿರಲ್ಲ."

ಅಳತೆಯಮ್ಮ ತಟ್ಟನೆ ಅಡ್ಡ ಬಾಯಿ ಹಾಕಿದಳು. "ನಿಮ್ಮದು ಚಿಕ್ಕದು. ಬೇರೆ ತೆಗೀತೀನಿ."

ಅಷ್ಟರಲ್ಲಿ ಅಳಿಯ ಹಳೆಯ ಯಂತ್ರದ ಮುಂದೆ ಕೂತು ಆತನ ಹೆಸರು ಒತ್ತಿಯೇ ಬಿಟ್ಟಿದ್ದ. ಅವನು ಆ ವಾರದಲ್ಲಿ ಸರಿಯಾಗಿ ಮಾಡಿದ ಕೆಲಸ ಅದೊಂದೇ. ತೆರೆದುಕೊಂಡ ಷರಾವನ್ನು ಗಟ್ಟಿಯಾಗಿ ಓದಿದ.

"ಕುಂಟುವುದು ಕಡಿಮೆ, ಹೇಳಿಕೊಳ್ಳುವುದು ಜಾಸ್ತಿ. ಕೇಳಿದರೆ ನೋವು ಹೆಚ್ಚಾಗುತ್ತದೆ, ಆದ್ದರಿಂದ ಕೇಳಬಾರದು. ಪಾಪ ಎನ್ನಿಸಿಕೊಳ್ಳುವುದೇ ಕಸುಬು. ಹಿಮ್ಮಡಿ ಏರಿಕೆ ಮೂವತ್ತೆಂಟು ಮಿಲಿಮೀಟರ್."

ಚರ್ಮ ಕುಟ್ಟುತ್ತಿದ್ದ ತಮ್ಮನ ಸುತ್ತಿಗೆಯೂ ನಿಂತಿತು. ಅಳಿಯನ ಮುಖದಲ್ಲಿ ಮೊದಲ ದಿನ ಕಳೆದುಕೊಂಡದ್ದೆಲ್ಲ ಬಡ್ಡಿ ಸಮೇತ ಮರಳಿತು. ಅಳತೆಯಮ್ಮನಿಗೆ ಇಪ್ಪತ್ತೆಂಟು ವರ್ಷದ ಷರಾಗಳು ಸಾಲಾಗಿ ನೆನಪಾದವು. ಸೊಟ್ಟ ಮೋರೆಯ ಮೇಷ್ಟ್ರು. ಸುಳ್ಳುಬುರುಕಿ ದರ್ಜಿ. ಅತ್ತರೂ ನಂಬಬಾರದ ನರ್ಸು. ಆ ಹಸಿರು ಅಕ್ಷರ ತನ್ನೊಬ್ಬಳಿಗೇ ಎಂದು ಅವಳು ನಂಬಿದ್ದಳು.

ಟೆಲಿಫೋನ್ ಮಾಮ ಕಾಗದದ ಮೇಲೆ ಗೆರೆ ಎಳೆದ. "ಕು. ಅದಕ್ಕೆ ಈ ಕೊಕ್ಕೆ. ಸೊನ್ನೆ. ಅದಕ್ಕೆ ಈ ಚುಕ್ಕೆ. ಮುಂದೆ ಓದಪ್ಪ," ಎಂದ. ದನಿಯಲ್ಲಿ ಏನೂ ಇರಲಿಲ್ಲ. ಹಾಗೆ ಅಕ್ಷರ ಅಕ್ಷರವಾಗಿ ತನ್ನ ಮೇಲಿನ ಬೈಗುಳವನ್ನೇ ಬಿಡಿಸಿ, ಸಿಗದ ಅಕ್ಷರಕ್ಕೆ ಬೇರೆ ಎರಡು ಷರಾ ಹುಡುಕಿ, ಎರಡು ದಿನದಲ್ಲಿ ಮೂರು ಸಾವಿರವನ್ನೂ ಓದುವಂತೆ ಮಾಡಿಕೊಟ್ಟ. ಹೋಗುವಾಗ, "ಹಿಮ್ಮಡಿ ಲೆಕ್ಕ ಸರಿ ಇದೆ," ಎಂದಷ್ಟೇ ಹೇಳಿದ.

ಮಾಡಿದ್ದೆಲ್ಲ ಅಳಿಯನೇ ಎಂದು ತಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡ. ಅಳಿಯನೂ ಬೇಡವೆನ್ನಲಿಲ್ಲ. ಮಾತು ತಿದ್ದುವ ಚಪಲ ಅಳತೆಯಮ್ಮನ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಹೊಸ ಪರದೆಯಲ್ಲಿ ತನ್ನ ಷರಾಗಳನ್ನು ದಿನಕ್ಕಿಷ್ಟು ಎಂದು ಓದತೊಡಗಿದ್ದಳು. ಅಚ್ಚುಕಟ್ಟಾದ ಕಪ್ಪು ಅಕ್ಷರದಲ್ಲಿ ಅವು ಇನ್ನೂ ಕಟುವಾಗಿ ಕಾಣುತ್ತಿದ್ದವು. ಒಂದನ್ನೂ ಅಳಿಸಲಿಲ್ಲ. ಕೆಲವನ್ನು ಓದಿ ನಕ್ಕಳು ಕೂಡ. ಆ ದರ್ಜಿ ನಿಜಕ್ಕೂ ಸುಳ್ಳುಬುರುಕಿಯೇ.

ಎರಡು ತಿಂಗಳಿಗೆ ಟೆಲಿಫೋನ್ ಮಾಮ ಹೊಸ ಜೊತೆ ಬೂಟಿಗೆಂದು ಬಂದ. ಕಾಲುಚೀಲ ತೆಗೆದು, ಪಾದ ಹಲಗೆಯ ಮೇಲಿಟ್ಟು ಗೋಡೆ ನೋಡುತ್ತ ಕೂತ. ನೋವಿನ ಪಟ್ಟಿ ಒಪ್ಪಿಸಲಿಲ್ಲ. ಅವಳು ಅಳತೆ ಮುಗಿಸಿದಳು.

"ಎಲ್ಲಿ ನೋಯುತ್ತೆ?" ಎಂದಳು ಕೊನೆಗೆ.

"ಕೇಳಿದ್ರೆ ಹೆಚ್ಚಾಗುತ್ತೆ ಅಂತ ಬರೆದಿದ್ದೀರಲ್ಲಮ್ಮ."

"ಬರೆದಿದ್ದೆ." ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ತಪ್ಪು ನಂದು. ಈಗ ಹೇಳಿ."

ಆತ ಬಗ್ಗಿ ಬೆರಳು ತೋರಿಸಿದ. "ಬಲಗಾಲಿನ ಕಿರುಬೆರಳು. ಮೊದಲ ಜೊತೆಯಿಂದಲೂ. ಹೇಳಿದ್ದೆ ನಿಮಗೆ."

ಹೇಳಿದ್ದಿರಬೇಕು. ಹಿಮ್ಮಡಿ, ಮೊಣಕಾಲು, ಸೊಂಟದ ನಡುವೆ ಎಲ್ಲೋ. ಅವಳು ಮಂಡಿಯೂರಿ ಬೆರಳನ್ನು ಹೊರಳಿಸಿದಳು. ಪಕ್ಕದಲ್ಲಿ ಒಂದು ಆಣಿ ಹರಳಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮೆಲ್ಲಗೆ ಒತ್ತಿದ್ದಕ್ಕೇ ಆತ ಉಸಿರು ಒಳಗೆಳೆದುಕೊಂಡ. ಹನ್ನೊಂದು ವರ್ಷ ಆ ಪಾದವನ್ನು ಕೈಯಲ್ಲಿ ಹಿಡಿದಿದ್ದರೂ ಅದು ಅವಳ ಬೆರಳಿಗೆ ಸಿಕ್ಕಿರಲಿಲ್ಲ.

"ಬಲಗಾಲಿನ ಅಚ್ಚು ಕಿರುಬೆರಳಿನ ಹತ್ತಿರ ಮೂರು ಮಿಲಿಮೀಟರ್ ಅಗಲ ಮಾಡಪ್ಪ," ಎಂದು ಕುಳಿತಲ್ಲಿಂದಲೇ ತಮ್ಮನಿಗೆ ಕೂಗಿ ಹೇಳಿದಳು. ಆಮೇಲೆ ಆತನ ಕಡೆ ತಿರುಗಿ, "ಮೊಣಕಾಲು ಹೇಗಿದೆ?" ಎಂದು ಕೇಳಿದಳು.