ಪುಟದ ಅಡಿಯ ಎರಡು ಸಾಲು

ಬುಳ್ ಬುಳ್ ಅನ್ನುತ್ತಿದೆ ಆಕ್ಸಿಜನ್ ಸಿಲಿಂಡರಿನ ನೀರಿನ ಬಾಟಲಿ, ಅನ್ನಲಿ, ನಿಲ್ಲದಿರಲಿ ದೇವರೇ, ಅದು ಅನ್ನುವವರೆಗೂ ಅಪ್ಪನೊಳಗೆ ಗಾಳಿ ಹೋಗುತ್ತಿದೆ — ದೊಡ್ಡಬಳ್ಳಾಪುರದ ಆಸ್ಪತ್ರೆಯ ಬೆಂಚಿನಿಂದ ಶ್ವೇತ ಬಾಟಲಿಯನ್ನೇ ನೋಡುತ್ತಾಳೆ, ಅಪ್ಪನ ಮುಖ ನೋಡಲು ಧೈರ್ಯವಿಲ್ಲ, ಮೂವತ್ತು ವರ್ಷ ಪವರ್‌ಲೂಮಿನ ಧೂಳು ಕುಡಿದ ಎದೆ, ಮಾತ್ರೆ ನುಂಗಿಕೊಂಡು ಹೇಗೋ ನಡೆಯುತ್ತಿತ್ತಲ್ಲ, ಕೆಡಿಸಿದವಳು ತಾನೇ, ಅಯ್ಯೋ, ತಾನೇ. ಉಬ್ಬಸಕ್ಕೆ ಹೊಸ ಔಷಧಿ ಬಂದಿದೆ, ಪ್ರಯೋಗಕ್ಕೆ ಜನ ಬೇಕು, ಒಂದು ವೆಬ್‌ಸೈಟ್ ಮಾಡಿಕೊಡಿ ಎಂದು ಬೆಂಗಳೂರಿನ ಕಂಪನಿಯವರು ತಾನು ಕೆಲಸಕ್ಕಿರುವ ಕಂಪ್ಯೂಟರ್ ಸೆಂಟರಿಗೆ ಬಂದಾಗ ಅದರ ಮಾಲೀಕ ವೇಣುಗೋಪಾಲ್ ಸರ್ ತನ್ನನ್ನೇ ಕರೆದರು, ಕನ್ನಡದಲ್ಲೂ ಇರ್ಲಿ ಕಣಮ್ಮಾ, ಆದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಎಲ್ಲಿ ಮೂಡುತ್ತದೆ, ಬರೀ ಗೀಚು, ಅದಕ್ಕೇ ಇಡೀ ಬರಹವನ್ನು ಚಿತ್ರ ಮಾಡಿ ಅಂಟಿಸಿದಳು, ಚಿತ್ರವೋ ಭಾರ, ಇಂಟರ್ನೆಟ್ಟಿನ ಫೋನ್ ಲೈನಿನಲ್ಲಿ ಇಳಿಯಲು ಒಂದು ಯುಗ, ಬೇಗ ತೆರ್ಕೋಬೇಕಮ್ಮಾ ಅಂದರು ಸರ್, ಅಡಿಯ ಎರಡು ಸಾಲು ಕತ್ತರಿಸಿದಳು, ಇಂಗ್ಲಿಷ್ ಪುಟದಲ್ಲಿ ಇದೆಯಲ್ಲ ಬಿಡು — ಡಾಕ್ಟರು ಹೇಳುವವರೆಗೆ ಈಗಿನ ಔಷಧಿ ನಿಲ್ಲಿಸಬೇಡಿ — ಎಂಥ ಸಾಲು, ಈ ಕೈ ಸೇದಿಹೋಗಬಾರದಿತ್ತೇ.

ತನ್ನ ಮೊದಲ ಪುಟವೆಂದು ಕನ್ನಡದ್ದೇ ಪ್ರಿಂಟ್ ತೆಗೆದು ಮನೆಗೆ ತಂದವಳೂ ತಾನೇ, ಅಮ್ಮ ಹಾಳೆಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು, ಅಪ್ಪ ಕನ್ನಡಕ ಏರಿಸಿ ಅಕ್ಷರ ಬಿಡದೆ ಓದಿದ, ಪ್ರಯೋಗಕ್ಕೆ ನನ್ ಹೆಸ್ರೂ ಹಾಕು ಮಗ, ಹಾಕಿದಳು, ಕಂಪ್ಯೂಟರಿನ ಗುಂಡಿ ಒತ್ತುವಾಗ ಎಂಥಾ ಹಿಗ್ಗು, ಹದಿನೈದು ದಿನ ಕಳೆದು ಬನ್ನಿ ಎಂದು ಬೆಂಗಳೂರಿನಿಂದ ಫೋನ್ ಬಂತು, ಹೊಸ್ದು ಬರೋವಾಗ ಹಳೇದ್ಯಾಕೆ ಎಂದು ಅಪ್ಪ ಅವತ್ತೇ ಮಾತ್ರೆ ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ, ಇವತ್ತು ಬೆಳಿಗ್ಗೆ ಮಗ್ಗದ ಮುಂದೆ ಕುಸಿಯುವವರೆಗೂ. ಯಾರ್ರೀ ಹೇಳಿದ್ದು ಮಾತ್ರೆ ಬಿಡು ಅಂತ, ಡಾಕ್ಟರು ಗದರಿದರು, ಅಪ್ಪ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಆ ಹಾಳೆ ತೆಗೆದುಕೊಟ್ಟ, ಉಸಿರು ಸಿಕ್ಕಾಗ ಒಂದೊಂದೇ ಮಾತು, ನನ್ ಮಗ್ಳೇ... ಮಾಡಿದ್ದು ಸಾರ್... ತಪ್ಪಿರಲ್ಲ. ಡಾಕ್ಟರು ಕೊನೆಯವರೆಗೂ ಓದಿದರು, ಮುಂದಿನದು ಹಿಂಬದಿಯಲ್ಲಿ ಇದೆಯೇನೋ ಎಂದು ಹಾಳೆ ತಿರುಗಿಸಿದರು, ಏನಿದೆ ಅಲ್ಲಿ, ಹೇಳಿಬಿಡಲೇ, ನಾನೇ ಕತ್ತರಿಸಿದ್ದು ಸಾರ್, ಅಪ್ಪ ಕೇಳಿಸಿಕೊಂಡರೆ, ತಪ್ಪಿರಲ್ಲ ಎಂದ ಆ ಬಾಯಿ — ಕೇಳಿಸಿಕೊಳ್ಳದೆಯೇ ಹೋಗಿಬಿಟ್ಟರೆ — ಡಾಕ್ಟರು ಹಾಳೆ ತಿರುಗಿಸುತ್ತಾರೆ, ಖಾಲಿ, ಮತ್ತೆ ತಿರುಗಿಸುತ್ತಾರೆ, ಹಿಂಬದಿ ಪೂರಾ ಖಾಲಿ